ಹಿಮ ಸುರಿದರೆ ಎಲ್ಲಿ ಕೂರೋದು: ಮನಾಂಗ್, ಫೇದಿ ಅಥವಾ ಹೈ ಕ್ಯಾಂಪ್?

ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣಕ್ಕೆ ಹೊರಡುವವರು ಶೂ ಬಗ್ಗೆ, ಜಾಕೆಟ್ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ದಾರಿಯಲ್ಲಿ ಹಿಮ ಶುರುವಾದರೆ ಎಲ್ಲಿ ಉಳಿಯೋದು ಅಂತ ಕೇಳಿದರೆ ಮಾತ್ರ, ನೋಡೋಣ ಬಿಡಿ ಅನ್ನುತ್ತಾರೆ. 5,416 ಮೀಟರ್ ಎತ್ತರದ ಥೊರಾಂಗ್ ಲಾ ಪಾಸ್ (ಬೆಟ್ಟಸಾಲು ದಾಟುವ ದಾರಿ) ದಾಟುವ ಮುಂಚೆ ಕಾಯೋಕೆ ಮುಖ್ಯವಾಗಿ ಮೂರು ಜಾಗ ಇವೆ. ಮನಾಂಗ್ ಹಳ್ಳಿ, ಥೊರಾಂಗ್ ಫೇದಿ, ಅದರ ನೆತ್ತಿಯ ಮೇಲಿರುವ ಹೈ ಕ್ಯಾಂಪ್. ಮೂರು ಕಡೆಯೂ ಬೇರೆ ಬೇರೆ ಸಲ ಕೂತು, ಇವತ್ತು ನಿಲ್ಲುತ್ತೆ ನಾಳೆ ನಿಲ್ಲುತ್ತೆ ಅಂತ ಆಕಾಶ ನೋಡಿದ್ದೇನೆ. ನನ್ನ ಓಟು ಮನಾಂಗ್‌ಗೆ, ಸ್ವಲ್ಪ ಗೊಣಗಾಟದ ಜೊತೆಗೆ.

ಮೊದಲು ಹೈ ಕ್ಯಾಂಪ್. ಸುಮಾರು 4,900 ಮೀಟರ್. ಎಲ್ಲರಿಗೂ ಇದರ ಮೇಲೆ ಕಣ್ಣು, ಯಾಕಂದರೆ ಹವಾಮಾನ ತೆರೆದ ಬೆಳಗ್ಗೆ ಪಾಸ್‌ಗೆ ಉಳಿಯುವುದು ಐನೂರು ಮೀಟರ್ ಏರು ಅಷ್ಟೇ. ಒಂದು ರಾತ್ರಿಗೆ ಸರಿ. ಕಾಯೋಕೆ ಮಾತ್ರ ಕೆಟ್ಟ ಜಾಗ. ಅಲ್ಲಿ ಗಾಳಿಯಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಿದ್ದೆ ಹತ್ತಿದ ಕೂಡಲೇ ಉಸಿರು ಒಂದು ಕ್ಷಣ ನಿಂತಂತಾಗಿ ದಡಕ್ಕನೆ ಎಚ್ಚರ ಆಗುತ್ತೆ, ರಾತ್ರಿಯಿಡೀ ಇದೇ ಕಥೆ. ಹಸಿವೂ ಆಗಲ್ಲ. ನೀರಿನ ಪೈಪು ಹೆಪ್ಪುಗಟ್ಟಿರುತ್ತೆ, ಶೌಚಾಲಯದ ನೆಲವೂ ಅಷ್ಟೇ, ಟಾರ್ಚ್ ಹಿಡಿದು ಜಾರುತ್ತಾ ಹೋಗಬೇಕು. ಇದೆಲ್ಲ ಸಹಿಸಬಹುದು ಅಂತಿಟ್ಟುಕೊಳ್ಳಿ. ಆದರೆ ಜೊತೆಯಲ್ಲಿದ್ದವರಿಗೆ ತಲೆನೋವು, ವಾಂತಿ ಶುರುವಾದರೆ ಇರುವ ಒಂದೇ ಔಷಧ ಕೆಳಗಿಳಿಯೋದು, ಮತ್ತು ಹಿಮ ಬಿದ್ದಾಗ ಫೇದಿಗೆ ಇಳಿಯುವ ಆ ಕಡಿದಾದ ಅಂಕುಡೊಂಕು ದಾರಿಯಲ್ಲಿ ಆರೋಗ್ಯವಾಗಿರುವವರೇ ತಿಣುಕುತ್ತಾರೆ.

ಫೇದಿ ಸುಮಾರು 4,450 ಮೀಟರ್. ಹೈ ಕ್ಯಾಂಪ್‌ಗಿಂತ ಎಷ್ಟೋ ವಾಸಿ. ಅಡುಗೆ ಚೆನ್ನಾಗಿದೆ, ಬೆಳ್ಳುಳ್ಳಿ ಸೂಪ್ ಬಿಸಿಯಾಗಿ ಸಿಗುತ್ತೆ, ಊಟದ ಹಾಲ್‌ನಲ್ಲಿ ಒಲೆ ಹಚ್ಚುತ್ತಾರೆ. ತೊಂದರೆ ಅಂದರೆ ಜನ. ಹಿಮ ಬಿದ್ದ ದಿನ ಕೆಳಗಿನಿಂದ ಬರುವವರು ಬರುತ್ತಲೇ ಇರುತ್ತಾರೆ, ಮೇಲೆ ಹೋಗುವವರು ಯಾರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಹಾಲ್ ಬಸ್ ಕೆಟ್ಟು ನಿಂತ ಮಲೆನಾಡಿನ ಬಸ್ ಸ್ಟ್ಯಾಂಡ್ ಥರ ಆಗಿಬಿಡುತ್ತೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಬೆಳಗ್ಗೆ ನಾಲ್ಕಕ್ಕೆ ಹೊರಡೋಣವಾ ಬೇಡವಾ. ಇದೇ ಫೇದಿಯ ನಿಜವಾದ ಅಪಾಯ ಅಂತ ನನ್ನ ಅನಿಸಿಕೆ. ಒಬ್ಬ ಗೈಡ್ ಚೀಲ ಕಟ್ಟಿದರೆ ಹಾಲ್‌ಗೆ ಹಾಲೇ ಚೀಲ ಕಟ್ಟುತ್ತೆ.

2014ರ ಅಕ್ಟೋಬರ್‌ನಲ್ಲಿ ಏನಾಯಿತು ಅಂತ ನೆನಪಿದೆ ಅಲ್ವಾ? ಬಂಗಾಳ ಕೊಲ್ಲಿಯ ಹುದ್‌ಹುದ್ ಚಂಡಮಾರುತ 12ನೇ ತಾರೀಕು ವಿಶಾಖಪಟ್ಟಣಕ್ಕೆ ಬಡಿಯಿತು. ಅದರ ಉಳಿಕೆ ಉತ್ತರಕ್ಕೆ ಸರಿದು 14ಕ್ಕೆ ಥೊರಾಂಗ್ ಲಾ ಮೇಲೆ ಹಿಮವಾಗಿ ಸುರಿಯಿತು. ಪಾಸ್ ಮೇಲಿದ್ದ ಸಣ್ಣ ಚಹಾ ಗುಡಿಸಲಿನಲ್ಲಿ ಹಲವರು ಒತ್ತೊತ್ತಾಗಿ ನಿಂತರು, ಅಲ್ಲಿಂದ ಹೊರಟು ಇಳಿಯಲು ನೋಡಿದವರಲ್ಲಿ ಕೆಲವರು ದಾರಿ ಕಾಣದೆ ಸತ್ತರು. ಆ ಭಾಗದಲ್ಲಿ ಒಟ್ಟು 40ಕ್ಕೂ ಹೆಚ್ಚು ಮಂದಿ. ಹಾಗಾಗಿ ನಾನು ಅಕ್ಟೋಬರ್‌ನಲ್ಲಿ ಹೋಗುವವರಿಗೆ ನೇಪಾಳದ ಹವಾಮಾನದ ಜೊತೆ ಬಂಗಾಳ ಕೊಲ್ಲಿಯ ಸುದ್ದಿಯನ್ನೂ ನೋಡಿ ಅನ್ನುತ್ತೇನೆ. ಆಂಧ್ರಕ್ಕೆ ಚಂಡಮಾರುತ ಅಂದರೆ ಎರಡು ಮೂರು ದಿನ ಇದ್ದಲ್ಲೇ ಇರಿ.

ಇನ್ನು ಮನಾಂಗ್, 3,540 ಮೀಟರ್. ಬೇಕರಿ ಇದೆ, ಆಪಲ್ ಪೈ ಇದೆ, ಅಂಗಡಿಯಲ್ಲಿ ಕೈಗವಸು ಸಿಗುತ್ತೆ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಆರೋಗ್ಯ ಕೇಂದ್ರವೂ ಇದೆ, ಸೀಸನ್‌ನಲ್ಲಿ ಎತ್ತರದ ಕಾಯಿಲೆ ಬಗ್ಗೆ ಡಾಕ್ಟರೇ ಕೂತು ವಿವರಿಸುತ್ತಾರೆ, ತಪ್ಪಿಸಬೇಡಿ. ಹಿಮ ಸ್ವಲ್ಪ ಬಿಡುವು ಕೊಟ್ಟರೆ ಗಂಗಾಪೂರ್ಣ ಸರೋವರದ ಕಡೆ ಸುಮ್ನೆ ಒಂದು ಸುತ್ತು ಹೋಗಿ ಬರಬಹುದು, ದೇಹವೂ ಎತ್ತರಕ್ಕೆ ಹೊಂದಿಕೊಳ್ಳುತ್ತೆ. ಊಟದ ಬೆಲೆಯೂ ಮೇಲಿನಷ್ಟಿಲ್ಲ. ಮೇಲೆ ಹೋದಷ್ಟೂ ಒಂದೇ ದಾಲ್ ಭಾತ್‌ಗೆ ಜಾಸ್ತಿ ತೆರಬೇಕು, ಹೊತ್ತು ತರುವವರ ಬೆನ್ನು ನೋಡಿದರೆ ಅದರಲ್ಲಿ ತಪ್ಪೂ ಇಲ್ಲ.

ಗೊಣಗಾಟ ಏನಪ್ಪಾ ಅಂದರೆ, ಮನಾಂಗ್‌ನಲ್ಲಿ ಕೂತವರಿಗೆ ಪಾಸ್ ದೂರ. ಆಕಾಶ ತೆರೆದ ಮೇಲೆ ಮಧ್ಯದಲ್ಲಿ ಸಿಗುವ ಯಾಕ್ ಖರ್ಕಾದಲ್ಲಿ ಒಂದು ರಾತ್ರಿ, ಫೇದಿಯಲ್ಲಿ ಇನ್ನೊಂದು ರಾತ್ರಿ ಕಳೆದೇ ಹತ್ತಬೇಕು, ಒಂದೇ ಓಟದಲ್ಲಿ ಏರಿದರೆ ಎತ್ತರದ ಕಾಯಿಲೆ ಹಿಡಿಯುತ್ತೆ. ಅಷ್ಟರಲ್ಲಿ ಮತ್ತೆ ಮೋಡ ಕಟ್ಟಬಹುದು. ನನಗೂ ಹಾಗೇ ಆಗಿದೆ, ಫೇದಿಯಲ್ಲೇ ಕೂತಿದ್ದವರು ದಾಟಿ ಪಾಸ್‌ನ ಆಚೆ ಇರುವ ಮುಕ್ತಿನಾಥದಿಂದ ಫೋಟೋ ಕಳಿಸಿದರು, ಹೊಟ್ಟೆ ಉರಿಯಿತು. ಆದರೂ ಮನಾಂಗ್ ಕಡೆಗೇ ನನ್ನ ಒಲವು, ಯಾಕಂದರೆ ಫೇದಿ ಮತ್ತು ಯಾಕ್ ಖರ್ಕಾ ನಡುವೆ ಕಲ್ಲು ಉರುಳುವ ಇಳಿಜಾರು ಇದೆ. ಹೊಸ ಹಿಮ ಬಿದ್ದ ಮೇಲೆ ವಾಪಸ್ ಬರೋದೂ ಕಷ್ಟ, ಮುಂದೆ ಹೋಗೋದೂ ಕಷ್ಟ. ಮನಾಂಗ್‌ವರೆಗೆ ಜೀಪ್ ರಸ್ತೆ ಇದೆ, ಅದು ತೆರೆದಿದ್ದರೆ ಸೋತು ಇಳಿದುಬಿಡಬಹುದು.

ರಜೆ ಕಡಿಮೆ ಇದ್ದು, ಮನೆಯಲ್ಲಿ ಮುಕ್ತಿನಾಥನ ದರ್ಶನ ಮಾಡಿಯೇ ಬಾ ಅಂತ ಹೇಳಿ ಕಳಿಸಿದ್ದರೂ ಪಾಸ್ ದಾಟಲೇಬೇಕು ಅಂತೇನಿಲ್ಲ. ಪೋಖರಾಗೆ ಇಳಿದು ಜೋಮ್‌ಸೋಮ್ ದಾರಿ ಹಿಡಿದರೆ ಮುಕ್ತಿನಾಥದವರೆಗೂ ವಾಹನ ಹೋಗುತ್ತೆ. ಮೈಕೈ ನೋವು ಗ್ಯಾರಂಟಿ.