ಹಾಯಿದೋಣಿಯ ಟಾಯ್ಲೆಟ್ ಬದಲಿಸ್ತೀರಾ? ಮೊದಲು ತಳದ ಎರಡು ತೂತು ನೋಡಿ

ನವೆಂಬರಿನ ಒಂದು ಬೆಳಿಗ್ಗೆ, ಇನ್ನೂ ಆರು ಗಂಟೆ ಆಗಿರಲಿಲ್ಲ, ಫೋನ್ ಬಂತು. ಕಾಳಿ ನದಿ ಸಮುದ್ರ ಸೇರುವ ಕಾರವಾರದ ಕೋಡಿಬಾಗದಲ್ಲಿ ನಮ್ಮ ದೋಣಿಯ ಪಕ್ಕ ತಮ್ಮ ಬೋಟು ನಿಲ್ಲಿಸುವ ತಾಂಡೇಲರು. "ನಿಮ್ಮ ದೋಣಿ ಯಾಕೋ ತಗ್ಗಿ ಕೂತಿದೆ, ಬೇಗ ಬನ್ನಿ" ಅಂದರು. ನಾನು ಹೋಗುವಷ್ಟರಲ್ಲಿ ಕ್ಯಾಬಿನ್ ಒಳಗೆ ಮೊಣಕಾಲುದ್ದ ನೀರು. ನೆಲದ ಹಲಗೆಗಳು ತೇಲುತ್ತಿದ್ದವು. ಎರಡೂ ಬ್ಯಾಟರಿ ಮುಳುಗಿದ್ದವು. ಎಲ್ಲೂ ತಳ ಒಡೆದಿರಲಿಲ್ಲ. ಹಿಂದಿನ ದಿನ ನಾನೇ ಕೂರಿಸಿದ ಹೊಸ ಟಾಯ್ಲೆಟ್ಟಿನ ಬೋಗುಣಿ ತುಂಬಿ, ಅಂಚಿನಿಂದ ನೀರು ಸದ್ದಿಲ್ಲದೆ ಹರಿಯುತ್ತಿತ್ತು.

ಗೋವಾ ಕಡೆಯಿಂದ ಹಳೆಯ ಹಾಯಿದೋಣಿ ಕೊಂಡು ತಂದವರು ಒಂದಿಬ್ಬರು ನನಗೆ ಫೋನ್ ಮಾಡಿ ಟಾಯ್ಲೆಟ್ ಬಗ್ಗೆ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕಮೋಡ್ ಬದಲಿಸಿದ ಹಾಗೆ ಇದು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡಿದ್ದೆ.

ನಮ್ಮದು 26 ಅಡಿಯ ಫೈಬರ್ ದೋಣಿ, ಕೆಳಗೆ ಎರಡು ಕೀಲ್, ಅಂದರೆ ತಳದಿಂದ ನೀರಿಗೆ ಇಳಿದಿರುವ ರೆಕ್ಕೆಯಂಥ ಭಾಗ. ಒಳಗೆ ಕೈಪಂಪಿನ ಟಾಯ್ಲೆಟ್. ಇದು ಕೆಲಸ ಮಾಡುವ ರೀತಿ ಸುಲಭ. ತಳದ ಒಂದು ತೂತಿನಿಂದ ಸಣ್ಣ ಪೈಪಿನಲ್ಲಿ, ಸಾಮಾನ್ಯವಾಗಿ 19 ಮಿ.ಮೀ., ಸಮುದ್ರದ ನೀರು ಒಳಗೆ ಬರುತ್ತದೆ. ಇನ್ನೊಂದು ತೂತಿನಿಂದ 38 ಮಿ.ಮೀ. ದಪ್ಪ ಪೈಪಿನಲ್ಲಿ ಹೊಲಸು ಹೊರಗೆ ಹೋಗುತ್ತದೆ. ಎರಡನ್ನೂ ಎಳೆದು ತಳ್ಳುವುದು ಒಂದೇ ಪಂಪ್. ಎರಡು ತೂತಿಗೂ ಒಂದೊಂದು ವಾಲ್ವ್, ಸೀಕಾಕ್ ಅಂತಾರೆ. ಬೋಗುಣಿಯ ಅಂಚು ಹೆಚ್ಚಿನ ದೋಣಿಗಳಲ್ಲಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಈ ಕೊನೆಯ ಮಾತನ್ನು ಗಟ್ಟಿಯಾಗಿ ನೆನಪಿಡಿ. ನನ್ನ ಇಡೀ ಕಷ್ಟ ಇದರಿಂದಲೇ ಬಂತು.

ಪಂಪ್ ಬಿಗಿಯಾಗಿತ್ತು. ಎರಡು ಕೈ ಹಾಕಿ ಒತ್ತಬೇಕಿತ್ತು. ಸೀಲ್ ಹೋಗಿದೆ, ಹೊಸದೇ ಹಾಕಿ ಅಂದರು ಸಾಮಾನು ಮಾರುವವರು. 24,000 ರೂಪಾಯಿ ಕೊಟ್ಟು ತಂದೆ. ಹಳೆಯದನ್ನು ಬಿಚ್ಚಿ, ಹೊರಗೆ ಹೋಗುವ ಪೈಪನ್ನು ಚಾಕುವಿನಲ್ಲಿ ಅಡ್ಡ ಕೊಯ್ದು ನೋಡಿದೆ. ಒಳಗೆ ಸುತ್ತಲೂ ಬೂದುಬಣ್ಣದ ಸುಣ್ಣ ಕಟ್ಟಿತ್ತು. ನಡುವೆ ಉಳಿದಿದ್ದು ನನ್ನ ಕಿರುಬೆರಳು ಹೋಗುವಷ್ಟು ಜಾಗ. ಮೂತ್ರ ಮತ್ತು ಉಪ್ಪುನೀರು ಸೇರಿದರೆ ಹೀಗೆ ಸುಣ್ಣ ಕೂರುತ್ತದೆ, ವರ್ಷ ವರ್ಷ ಪದರ ಬೆಳೆಯುತ್ತದೆ. ಅಂದರೆ ಪಂಪಿನಲ್ಲಿ ದೋಷವೇ ಇರಲಿಲ್ಲ! ಪೈಪ್ ಬದಲಿಸಿ, ರಬ್ಬರ್ ಸೀಲುಗಳ ಕಿಟ್ ಹಾಕಿದ್ದರೆ ಸಾಕಿತ್ತು. ಹಾಗಾಗಿ ಪಂಪ್ ಬಿಗಿ ಅಂತ ಅನಿಸಿದರೆ ಮೊದಲು ಪೈಪ್ ನೋಡಿ. ಅಂಗಡಿಗೆ ಆಮೇಲೆ ಹೋಗಿ.

ಇನ್ನು ನನ್ನ ದೊಡ್ಡ ತಪ್ಪು. ದೋಣಿ ನೀರಿನಲ್ಲಿ ತೇಲುತ್ತಿರುವಾಗಲೇ ಈ ಕೆಲಸಕ್ಕೆ ಕೈ ಹಾಕಿದ್ದೆ. ವಾಲ್ವಿನ ಹಿಡಿ ತಿರುಗಿಸಿದೆ, ತಿರುಗಿತು, ಮುಚ್ಚಿತು ಅಂದುಕೊಂಡೆ. ಸಣ್ಣ ಪೈಪಿನ ಕ್ಲಾಂಪ್ ಸಡಿಲಿಸಿ ಎಳೆದ ತಕ್ಷಣ ನೀರು ಮುಖಕ್ಕೆ ಚಿಮ್ಮಿತು. ವಾಲ್ವಿನ ಒಳಗೆ ಕಲ್ವದಂಥ ಚಿಪ್ಪು ಬೆಳೆದು ಪೂರ್ತಿ ಮುಚ್ಚಲು ಬಿಟ್ಟಿರಲಿಲ್ಲ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 19 ಮಿ.ಮೀ. ತೂತು ಪೂರ್ತಿ ತೆರೆದಿದ್ದರೆ ನಿಮಿಷಕ್ಕೆ 30 ಲೀಟರ್ ಒಳಗೆ ಬರುತ್ತದೆ. 38 ಮಿ.ಮೀ. ಆದರೆ ಅದರ ನಾಲ್ಕು ಪಟ್ಟು. ನನಗೆ ಬಂದಿದ್ದು ಅಷ್ಟಿಲ್ಲ, ಆದರೂ ಅಂಗೈ ಒತ್ತಿ ಹಿಡಿದರೆ ಬೆರಳ ಸಂದಿಯಿಂದ ಸುರಿಯುತ್ತಿತ್ತು. ಕೈ ತೆಗೆಯುವ ಹಾಗಿಲ್ಲ. ಸಾಮಾನು ತರಲು ಏಳುವ ಹಾಗಿಲ್ಲ. ಜೊತೆಗೆ ಯಾರೂ ಇಲ್ಲ.

ಕೂಗಿದೆ. ತಾಂಡೇಲರು ಪಕ್ಕದ ಬೋಟಿನಿಂದ ಹಾರಿ ಬಂದರು. ಒಂದು ಮಾತೂ ಆಡಲಿಲ್ಲ. ಅವರ ಬೋಟಿನಲ್ಲಿದ್ದ ಮೆತ್ತನೆ ಮರದ ತುಂಡನ್ನು ಕತ್ತಿಯಿಂದ ನಾಲ್ಕೇ ಏಟಿಗೆ ಚೂಪು ಮಾಡಿ, ಹಳೆ ಬಟ್ಟೆ ಸುತ್ತಿ, ನನ್ನ ಕೈ ಸರಿಸಿ ತೂತಿಗೆ ಹೊಡೆದರು. ನೀರು ನಿಂತಿತು. ಮೆತ್ತನೆ ಮರವೇ ಬೇಕು, ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತದೆ ಅಂತ ಆಮೇಲೆ ಹೇಳಿದರು. ಆ ವಾಲ್ವನ್ನು ಚಾಕುವಿನಿಂದ ಕೆರೆದು ತೋರಿಸಿದವರೂ ಅವರೇ. ಒಳಗೆ ಹಳದಿ ಇರಬೇಕಿದ್ದಲ್ಲಿ ಗುಲಾಬಿ ಬಣ್ಣ. ಸಾದಾ ಹಿತ್ತಾಳೆ ಉಪ್ಪುನೀರಿನಲ್ಲಿ ಹೀಗೇ ಆಗುತ್ತದೆ. ಅದರಲ್ಲಿರುವ ಸತು ಕರಗಿ ಹೋಗಿ, ತಾಮ್ರ ಮಾತ್ರ ಸ್ಪಂಜಿನ ಹಾಗೆ ಉಳಿಯುತ್ತದೆ. ನೋಡಲು ವಾಲ್ವ್ ಹಾಗೇ ಇರುತ್ತದೆ, ಒಂದು ದಿನ ಕೈಗೇ ಮುರಿದು ಬರುತ್ತದೆ. ದೋಣಿಗೆ ಕಂಚಿನ ವಾಲ್ವ್ ಬೇಕು, ಇಲ್ಲವೇ ಸಮುದ್ರಕ್ಕೆಂದೇ ಮಾಡಿದ ಒಳ್ಳೆ ಪ್ಲಾಸ್ಟಿಕ್ಕಿನದು. ಮನೆಯ ನಲ್ಲಿಗೆ ಹಾಕುವ ವಾಲ್ವ್ ಯಾರಾದರೂ ಕೊಟ್ಟರೆ ತಗೋಬೇಡಿ, ಎಷ್ಟೇ ಕಡಿಮೆಗೆ ಕೊಟ್ಟರೂ.

ಅಷ್ಟಾದರೂ ನಾನು ನಿಲ್ಲಿಸಲಿಲ್ಲ. ಹೊಸ ಪೈಪ್ ಸಿದ್ಧ ಇಟ್ಟುಕೊಂಡು, ಗೂಟ ಕಿತ್ತ ಕ್ಷಣದಲ್ಲೇ ತುರುಕಿ, ಕ್ಲಾಂಪ್ ಬಿಗಿದೆ. ಆಗ ಗೋಡೆಯ ಹಲಗೆಯ ಹಿಂದೆ ಒಂದು ಪೈಪ್ ಮೇಲೆ ಹೋಗಿ ಬಾಗಿ ಕೆಳಗೆ ಬಂದಿದ್ದು ಕಾಣಿಸಿತು. ತಲೆಕೆಳಗಾದ ಯು ಅಕ್ಷರದ ಹಾಗೆ. ಬಾಗಿನ ನೆತ್ತಿಯಲ್ಲಿ ಪುಟ್ಟ ಗಾಳಿ ವಾಲ್ವ್, ಉಪ್ಪು ಕಟ್ಟಿ ಕಲ್ಲಾಗಿತ್ತು. ಟಾಯ್ಲೆಟ್ ಮಾರಿದವರಿಗೆ ಫೋನ್ ಮಾಡಿ ಕೇಳಿದೆ. "ಹೊಸ ಪಂಪಿನಲ್ಲಿ ನೀರು ತಡೆಯುವ ಲಾಕ್ ಇದೆ ಸರ್, ಅದು ಬೇಡ, ಸುಮ್ನೆ ನೇರ ಪೈಪ್ ಹಾಕಿ" ಅಂದರು. ಕಿತ್ತು ಬಿಸಾಡಿದೆ. ಪಂಪಿನಿಂದ ಬೋಗುಣಿಗೆ ಒಂದು ಮೊಳದ ನೇರ ಪೈಪ್ ಹಾಕಿದೆ.

ಆ ಬಾಗಿದ ಪೈಪ್ ಇದ್ದಿದ್ದೇ ದೋಣಿ ಮುಳುಗದಿರಲಿ ಅಂತ. ಪೆಟ್ರೋಲ್ ಟ್ಯಾಂಕಿಗೆ ಪೈಪ್ ಇಳಿಬಿಟ್ಟು ಬಾಯಲ್ಲಿ ಒಮ್ಮೆ ಎಳೆದರೆ ಆಮೇಲೆ ತಾನಾಗಿ ಹರಿಯುತ್ತದೆ ಅಲ್ವಾ? ಅದೇ ಸೈಫನ್. ಇಲ್ಲಿ ಟ್ಯಾಂಕ್ ಅಂದರೆ ಅರಬ್ಬಿ ಸಮುದ್ರ. ಬೋಗುಣಿಯ ಅಂಚು ಹೊರಗಿನ ನೀರಿಗಿಂತ ಕೆಳಗಿದ್ದರೆ, ಪಂಪ್ ನಿಂತ ಮೇಲೂ ನೀರು ಬರುತ್ತಲೇ ಇರುತ್ತದೆ. ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು, ಬಾಗಿನ ನೆತ್ತಿಯಲ್ಲಿ ಗಾಳಿ ಒಳಬಿಟ್ಟರೆ ಮಾತ್ರ ಹರಿವು ತುಂಡಾಗುತ್ತದೆ. ದೋಣಿ ಗಾಳಿಗೆ ಎಷ್ಟೇ ವಾಲಿದರೂ ಆ ನೆತ್ತಿ ನೀರಿಗಿಂತ 15ರಿಂದ 20 ಸೆಂ.ಮೀ. ಮೇಲೆ ಇರಬೇಕು. ಪಂಪಿನ ಲಾಕ್, ಒಳಗಿನ ರಬ್ಬರ್ ನಾಲಿಗೆ, ಇವೆಲ್ಲ ಸವೆಯುವ ವಸ್ತುಗಳು. ಒಂದು ಕೂದಲು, ಒಂದು ಮರಳ ಕಣ ಸಿಕ್ಕಿಕೊಂಡರೆ ಸೋರುತ್ತವೆ. ಅವನ್ನು ನಂಬಿ ದೋಣಿ ಬಿಟ್ಟು ಮನೆಗೆ ಹೋಗಬಾರದು.

ನಾನು ಹೋದೆ. ಸರಿಯಾಗಿ ಮುಚ್ಚದ ಅದೇ ವಾಲ್ವನ್ನು ನಂಬಿ, ಪಂಪಿನ ಲಾಕ್ ಹಾಕಿದೆನೋ ಇಲ್ಲವೋ ಅಂತ ನೋಡದೆ, ರಾತ್ರಿ ಎಂಟಕ್ಕೆ ಮನೆಗೆ ಹೊರಟೆ. ನಿಮಿಷಕ್ಕೆ ನಾಲ್ಕು ಲೀಟರ್ ಅಂದರೂ ಹತ್ತು ಗಂಟೆಗೆ 2,400 ಲೀಟರ್. ದೋಣಿ ತಗ್ಗಿದಷ್ಟೂ ಅಂಚು ಇನ್ನೂ ಕೆಳಗಾಗಿ, ನೀರು ಇನ್ನೂ ಜೋರಾಗುತ್ತದೆ. ನೀರೆತ್ತುವ ಕರೆಂಟ್ ಪಂಪ್ ಬ್ಯಾಟರಿ ಮುಳುಗುವವರೆಗೆ ಓಡಿ ನಿಂತಿತ್ತು. ಇನ್ನೆರಡು ಗಂಟೆ ತಡವಾಗಿದ್ದರೆ ಕಾಳಿ ನದಿಯ ತಳದಲ್ಲಿ ಹುಡುಕಬೇಕಿತ್ತು. ಆ ಬೆಳಿಗ್ಗೆ ಐದು ಜನ ಬಕೆಟ್ ಹಿಡಿದು ಮೂರು ಗಂಟೆ ನೀರು ಹೊರಗೆ ಚೆಲ್ಲಿದರು. ಮೀನಿಗೆ ಹೋಗುವ ಹೊತ್ತು ಕಳೆದುಕೊಂಡು ಮಾಡಿದರು. ಅವರ ಋಣ ನಾನು ಮರೆಯುವುದಿಲ್ಲ.

ಎರಡನೇ ಸಲ ಸರಿಯಾಗಿ ಮಾಡಿದೆವು. ಅಮಾವಾಸ್ಯೆಯ ದೊಡ್ಡ ಭರತದಲ್ಲಿ ದೋಣಿಯನ್ನು ಮರಳ ದಿಬ್ಬದ ಮೇಲೆ ತಂದು ನಿಲ್ಲಿಸಿದೆವು. ಇಳಿತಕ್ಕೆ ನೀರು ಸರಿದು, ಎರಡು ಕೀಲಿನ ಮೇಲೆ ದೋಣಿ ನೆಟ್ಟಗೆ ನಿಂತಿತು. ತಳದ ತೂತುಗಳು ಒಣ ಗಾಳಿಯಲ್ಲಿ. ಎರಡೂ ವಾಲ್ವ್ ಕಿತ್ತು ಕಂಚಿನವು ಹಾಕಿದೆವು. ನಿಮ್ಮದು ಒಂದೇ ಕೀಲಿನ ದೋಣಿಯಾದರೆ ಕ್ರೇನ್ ಹಿಡಿದು ಎತ್ತಿಸಿ, ದುಡ್ಡು ಹೋದರೂ ಪರವಾಗಿಲ್ಲ. ಗಟ್ಟಿ ಪೈಪ್ ಮೂತಿಗೆ ಕೂರದಿದ್ದರೆ ತುದಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಬೆಣ್ಣೆ ಹಾಗೆ ಹೋಗುತ್ತದೆ. ಪ್ರತಿ ಮೂತಿಗೂ ಎರಡೆರಡು ಕ್ಲಾಂಪ್, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಬೋಗುಣಿಯ ಬೋಲ್ಟ್ ಮಾತ್ರ ಜಾಸ್ತಿ ಬಿಗಿಯಬೇಡಿ, ಪಿಂಗಾಣಿ ಬಿರಿಯುತ್ತದೆ.

ಬಾಗಿದ ಪೈಪ್ ಹಾಕುವ ಜಾಗದಲ್ಲೂ ಒಂದು ಸೂಕ್ಷ್ಮ ಇದೆ. ನೀರು ಬರುವ ಕಡೆ ಅದನ್ನು ಪಂಪ್ ಮತ್ತು ಬೋಗುಣಿಯ ನಡುವೆ ಹಾಕಬೇಕು. ತಳದ ವಾಲ್ವ್ ಮತ್ತು ಪಂಪಿನ ನಡುವೆ ಹಾಕಿದರೆ ಪಂಪ್ ನೀರಿನ ಬದಲು ಗಾಳಿ ಎಳೆಯುತ್ತದೆ. ಹೊರಗೆ ಹೋಗುವ ದಪ್ಪ ಪೈಪಿಗೂ ಒಂದು ಬಾಗು ಬೇಕು. ಮೇಲಿನ ಪುಟ್ಟ ಗಾಳಿ ವಾಲ್ವನ್ನು ಆಗಾಗ ಬಿಚ್ಚಿ ಬಿಸಿ ಸಿಹಿನೀರಿನಲ್ಲಿ ತೊಳೆಯಿರಿ.

ಜೊತೆಗೆ ಹೊಲಸನ್ನು ಹೊರಗೆ ಬಿಡದೆ ಕೂಡಿಡುವ ಒಂದು ಟ್ಯಾಂಕನ್ನೂ ಕೂರಿಸಿದೆ. ಇಳಿತದ ಹೊತ್ತಿಗೆ ನದಿಗಳ ಅಳಿವೆಯಲ್ಲಿ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಹೆಕ್ಕುವುದನ್ನು ನೀವೂ ನೋಡಿದ್ದೀರಿ. ಆ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಬದುಕುತ್ತವೆ, ನೀರಿನಲ್ಲಿದ್ದ ಹೊಲಸು ಅವುಗಳ ಮೈಯಲ್ಲೇ ಉಳಿಯುತ್ತದೆ. ದೊಡ್ಡ ಹಡಗುಗಳು ಶುದ್ಧ ಮಾಡದ ಮಲವನ್ನು ದಡದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ ಮಾತ್ರ ಬಿಡಬಹುದು ಅಂತ ಅಂತರರಾಷ್ಟ್ರೀಯ ನಿಯಮವಿದೆ. ಅಂದರೆ ಸುಮಾರು 22 ಕಿ.ಮೀ. ನಮ್ಮಂಥ ಸಣ್ಣ ದೋಣಿ ಆ ನಿಯಮದೊಳಗೆ ಬರುವುದಿಲ್ಲ. ಆದರೂ ಅಳಿವೆಯೊಳಗೆ ನಮ್ಮ ದೋಣಿಯ ಹೊರ ವಾಲ್ವ್ ತೆರೆಯುವುದೇ ಇಲ್ಲ.

ಈಗಾಗಲೇ ನಿಮ್ಮ ದೋಣಿಗೆ ಹೊಸ ಟಾಯ್ಲೆಟ್ ಹಾಕಿಸಿದ್ದರೆ, ಬಾಗಿದ ಪೈಪ್ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಇವತ್ತು ಸಂಜೆಯೇ ಹೋಗಿ ಎರಡೂ ವಾಲ್ವ್ ಮುಚ್ಚಿ. ಬೋಗುಣಿ ಒರೆಸಿ ಒಣಗಿಸಿ, ಒಂದು ಗಂಟೆ ಅಲ್ಲೇ ಕೂತು ನೋಡಿ. ಬೋಗುಣಿಯ ತಳದಲ್ಲಿ ನೀರು ಕಂಡರೆ ವಾಲ್ವ್ ಪೂರ್ತಿ ಮುಚ್ಚಿಲ್ಲ. ಹಿಡಿ ಗಟ್ಟಿಯಾಗಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಹಿತ್ತಾಳೆಯದಾದರೆ ಬುಡದಲ್ಲೇ ಮುರಿಯಬಹುದು. ಪ್ರತಿ ವಾಲ್ವಿನ ಪಕ್ಕ ಅದರ ಅಳತೆಯ ಮೆತ್ತನೆ ಮರದ ಗೂಟವೊಂದನ್ನು ದಾರದಲ್ಲಿ ಕಟ್ಟಿಡಿ. ನನ್ನ ಸಣ್ಣ ವಾಲ್ವಿನ ಪಕ್ಕ ತಾಂಡೇಲರು ಕೆತ್ತಿದ್ದೇ ಇದೆ.