ಅವಳಿ ಹೆತ್ತ ಹೊಟ್ಟೆಗೆ ‘ಪ್ಯಾಕೇಜು’: ನನ್ನ 42,700 ರೂಪಾಯಿ ಹೋಯಿತು, ನೀವು ಹೋಗಬೇಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ‘ಓದಿ ನೋಡಿ ಸಹಿ ಹಾಕಿ’ ಎಂದು ದಿನಕ್ಕೆ ಇಪ್ಪತ್ತು ಜನರಿಗೆ ಹೇಳುವವಳು ನಾನು. ಅಂಥವಳು ಓದದೆ ಸಹಿ ಹಾಕಿದೆ. ಅದೂ ಒಂದಲ್ಲ, ಮೂರು ಕಡೆ.

ಕಳೆದ ವರ್ಷ ಅವಳಿ ಹೆತ್ತೆ. ಮೂವತ್ತಾರನೇ ವಾರಕ್ಕೆ ಸಿಸೇರಿಯನ್. ಒಂದು ಮಗು 2.4 ಕಿಲೋ, ಇನ್ನೊಂದು 2.1. ಎರಡು ಮಕ್ಕಳು, ಎರಡು ಮಾಸು, ನೀರು, ಇಷ್ಟನ್ನೂ ಹೊತ್ತ ಹೊಟ್ಟೆ ಎಷ್ಟು ಹಿಗ್ಗಿತ್ತೆಂದರೆ ಕೊನೆಯ ತಿಂಗಳು ಊಟದ ತಟ್ಟೆಯನ್ನು ಅದರ ಮೇಲೇ ಇಟ್ಟುಕೊಳ್ಳುತ್ತಿದ್ದೆ. ತವರಿನಲ್ಲಿ ಅಮ್ಮ ಬಾಣಂತನವನ್ನು ಚೆನ್ನಾಗಿಯೇ ಮಾಡಿದಳು. ಹಂಡೆ ನೀರು, ಕಾಳುಮೆಣಸಿನ ಸಾರು, ಲೇಹ್ಯ, ಹಳೆಯ ಹತ್ತಿ ಸೀರೆಯಿಂದ ಹೊಟ್ಟೆಗೆ ಕಟ್ಟು. ಆದರೂ ಹೊಟ್ಟೆ ಇಳಿಯಲಿಲ್ಲ. ‘ನೀನು ಕಟ್ಟು ಬಿಚ್ಚಿ ಬಿಚ್ಚಿ ಇಡುತ್ತಿದ್ದೆ, ಅದಕ್ಕೇ’ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಬಿಚ್ಚದೆ ಇನ್ನೇನು, ಎರಡು ಮಕ್ಕಳಿಗೆ ಸರದಿಯಲ್ಲಿ ಹಾಲು ಕೊಡುತ್ತಾ ಬಿಗಿದ ಸೀರೆಯಲ್ಲಿ ಕುಳಿತು ನೋಡಲಿ ಒಮ್ಮೆ.

ಹೆರಿಗೆ ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ವಾರದಲ್ಲೇ ಪಿಂಚಣಿಗೆ ಬಂದ ಅಜ್ಜಿಯೊಬ್ಬರು ಎಲ್ಲರೆದುರು ಕೇಳಿದರು: ‘ಎಷ್ಟು ತಿಂಗಳಮ್ಮಾ? ನಿಂತುಕೊಂಡು ಕೆಲಸ ಮಾಡಬೇಡ.’ ಪಕ್ಕದ ಕೌಂಟರಿನವನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ನಕ್ಕ. ಆ ಸಂಜೆಯೇ ನಾನು ಹೊಟ್ಟೆ ಇಳಿಸಿಕೊಡುತ್ತೇವೆ ಎನ್ನುವ ಒಂದು ಸ್ಲಿಮ್ಮಿಂಗ್ ಸೆಂಟರಿಗೆ ಫೋನು ಮಾಡಿದ್ದು. ಶಿವಮೊಗ್ಗದಲ್ಲಿದೆ, ಹೆಸರು ಹೇಳುವುದಿಲ್ಲ, ದೂರು ನಡೆಯುತ್ತಿದೆ. ಹೆಸರಿನಿಂದ ಪ್ರಯೋಜನವೂ ಇಲ್ಲ. ಇಂಥವು ಪ್ರತಿ ಊರಿನಲ್ಲೂ ನಾಲ್ಕು ಸಿಗುತ್ತವೆ.

ಒಳಗೆ ತಂಪು, ನಿಂಬೆಹುಲ್ಲಿನ ವಾಸನೆ, ಗೋಡೆಯ ತುಂಬ ‘ಮೊದಲು–ನಂತರ’ ಫೋಟೋಗಳು. ಬಿಳಿ ಕೋಟು ಹಾಕಿದ ಒಬ್ಬಾಕೆ. ಎಲ್ಲರೂ ಆಕೆಯನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು, ನಾನೂ ಕರೆದೆ. ಯಾವ ಡಾಕ್ಟರ್, ಏನು ಓದಿದ್ದಾರೆ ಎಂದು ಕೇಳಲಿಲ್ಲ. ಫಾರ್ಮಿನಲ್ಲಿ ‘ಅವಳಿ, ಸಿಸೇರಿಯನ್, ಹಾಲುಣಿಸುತ್ತಿದ್ದೇನೆ’ ಎಂದು ನಾನೇ ನನ್ನ ಕೈಯಾರೆ ಬರೆದೆ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ. ಹುಡುಗಿಯೊಬ್ಬಳು ಟೇಪು ತಂದು ಹೊಟ್ಟೆಯ ಸುತ್ತ ಅಳೆದಳು: 41 ಇಂಚು. ನಂತರ ಫೋಟೋ ತೆಗೆದರು. ಎದುರಿನಿಂದ, ಪಕ್ಕದಿಂದ, ಬಟ್ಟೆ ಮೇಲೆತ್ತಿ. ಇಪ್ಪತ್ತನಾಲ್ಕು ಸಿಟ್ಟಿಂಗ್, ಆರು ಇಂಚು ‘ಗ್ಯಾರಂಟಿ’, 38,500 ರೂಪಾಯಿ. ಇವತ್ತೇ ಕಟ್ಟಿದರೆ ಈ ದರ, ನಾಳೆ ಬಂದರೆ 52,000. ಕಟ್ಟಿದೆ. ಮೇಲೆ ‘ಇದಿಲ್ಲದೆ ಫಲಿತಾಂಶ ಬರುವುದಿಲ್ಲ’ ಎಂದು ಒಂದು ಬೆಲ್ಟಿಗೆ 4,200.

ಅಳೆದರು, ಫೋಟೋ ತೆಗೆದರು, ಹಣ ತೆಗೆದುಕೊಂಡರು. ಹೊಟ್ಟೆಯನ್ನು ಮಾತ್ರ ಒಬ್ಬರೂ ಮುಟ್ಟಿ ನೋಡಲಿಲ್ಲ. ಒಂದೇ ಒಂದು ಬೆರಳು ಇಟ್ಟು ನೋಡಲಿಲ್ಲ. ಇಡೀ ಕಥೆಯಲ್ಲಿ ನನಗೆ ಇಂದಿಗೂ ಹೊಟ್ಟೆ ಉರಿಸುವ ಸಂಗತಿ ಇದೇ.

ಪ್ರತಿ ಸಿಟ್ಟಿಂಗಿನಲ್ಲಿ ಮೊದಲು ವ್ಯಾಯಾಮ. ಅಂಗಾತ ಮಲಗಿ, ಕೈ ತಲೆಯ ಹಿಂದೆ, ಎದೆಯನ್ನು ಮೇಲೆತ್ತುವುದು, ಅದೇ ಕ್ರಂಚಸ್. ಇಪ್ಪತ್ತರಿಂದ ಶುರುವಾಗಿ ನಲವತ್ತಕ್ಕೆ ಹೋಯಿತು. ಆಮೇಲೆ ಪ್ಲ್ಯಾಂಕ್, ಅಂದರೆ ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು. ಆಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿ ಕೊಡುವ ಯಂತ್ರ. ಕೊನೆಗೆ ಬೆಲ್ಟು, ಉಸಿರು ಕಟ್ಟುವಷ್ಟು ಬಿಗಿಯಾಗಿ.

ಎರಡನೇ ವಾರವೇ ನಾನು ಒಂದು ವಿಷಯ ಗಮನಿಸಿದೆ. ತಲೆ ಎತ್ತಿದ ತಕ್ಷಣ ಹೊಟ್ಟೆಯ ನಟ್ಟನಡುವೆ, ಎದೆಗೂಡಿನಿಂದ ಹೊಕ್ಕುಳದ ಕೆಳಗಿನವರೆಗೆ, ಉದ್ದಕ್ಕೆ ಒಂದು ಏಣು ಏಳುತ್ತಿತ್ತು. ಹೆಂಚಿನ ಮಾಡಿನ ನೆತ್ತಿಯಂತೆ. ತಲೆ ಇಳಿಸಿದರೆ ಮಾಯ. ತರಬೇತಿ ಕೊಡುವ ಹುಡುಗನಿಗೆ ತೋರಿಸಿ, ‘ಇದೇನು ಸರ್?’ ಎಂದು ಕೇಳಿದೆ. ಅವನು ಒಂದು ಕ್ಷಣವೂ ತಡವರಿಸದೆ ಹೇಳಿದ: ‘ಮೇಡಂ, ಒಳಗಿನ ಕೊಬ್ಬು ಮೇಲಕ್ಕೆ ಬರುತ್ತಿದೆ. ಕರಗುವ ಮೊದಲು ಹಾಗೇ. ಒಳ್ಳೆಯ ಲಕ್ಷಣ.’

ಒಳ್ಳೆಯ ಲಕ್ಷಣ! ನಾನು ಮನೆಗೆ ಬಂದು ಗಂಡನಿಗೂ ಅದನ್ನೇ ಹೇಳಿದೆ, ಖುಷಿಯಿಂದ. ಬೆಣ್ಣೆ ಕಡೆಯುವಾಗ ಮೇಲೆ ಬರುವುದಿಲ್ಲವೇ, ಹಾಗೆ ಎಂದು ವಿವರಣೆ ಬೇರೆ ಕೊಟ್ಟೆ. ಈಗ ನೆನೆದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಅದರ ಬೆನ್ನಿಗೇ ಸೀನಿದರೆ, ಕೆಮ್ಮಿದರೆ ಮೂತ್ರ ಹನಿಯತೊಡಗಿತು. ಬ್ಯಾಂಕಿಗೆ ಇನ್ನೊಂದು ಜೊತೆ ಬಟ್ಟೆ ಒಯ್ಯುತ್ತಿದ್ದೆ. ಕೇಳಿದ್ದಕ್ಕೆ ‘ಡಾಕ್ಟರ್’ ಹೇಳಿದ್ದು: ‘ಮಕ್ಕಳಾದವರಿಗೆಲ್ಲ ಆಗುತ್ತದೆ, ಬೆಲ್ಟನ್ನು ಇನ್ನೊಂದು ಕೊಂಡಿ ಬಿಗಿ ಮಾಡಿ.’

ಹನ್ನೆರಡನೇ ಸಿಟ್ಟಿಂಗಿಗೆ ಮತ್ತೆ ಅಳತೆ. 38 ಇಂಚು! ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ದಾರಿಯಲ್ಲಿ ಅರ್ಧ ಕಿಲೋ ಬೆಣ್ಣೆ ಬಿಸ್ಕತ್ತು ಕೊಂಡು ಮನೆಗೆ ಹೋದೆ. ಆ ಭಾನುವಾರ ತವರಿಗೆ ಹೋದಾಗ ಅತ್ತಿಗೆಗೆ ಹೇಳಿದೆ, ಮೂರು ಇಂಚು ಇಳಿದಿದ್ದೇನೆ, ಹೊಸ ಚೂಡಿದಾರಕ್ಕೆ ಅಳತೆ ತೆಗೆದುಕೊಳ್ಳಿ ಎಂದು. ಅತ್ತಿಗೆ ಹೊಲಿಗೆಯವರು, ಹದಿನೈದು ವರ್ಷದಿಂದ ಊರಿನ ರವಿಕೆಗಳೆಲ್ಲ ಅವರ ಕೈಯಲ್ಲೇ. ಹೊಕ್ಕುಳದ ನೇರಕ್ಕೆ ಟೇಪು ಹಿಡಿದರು, ಮಾತಾಡಲಿಲ್ಲ. ಇನ್ನೊಮ್ಮೆ ಹಿಡಿದರು. ‘ನಲವತ್ತೂಮುಕ್ಕಾಲು ಇದೆಯಲ್ಲ’ ಎಂದರು. ನಾನು ಅವರ ಟೇಪೇ ಎಳೆದುಹೋಗಿದೆ ಎಂದು ವಾದಿಸಿದೆ. ಅವರು ಸುಮ್ಮನೆ ಸ್ಕೇಲು ತಂದು ಟೇಪಿನ ಪಕ್ಕ ಇಟ್ಟು ತೋರಿಸಿದರು.

ಮುಂದಿನ ಸಿಟ್ಟಿಂಗಿನಲ್ಲಿ ನಾನು ಟೇಪನ್ನೇ ನೋಡುತ್ತಾ ನಿಂತೆ. ಹುಡುಗಿ ಹೊಕ್ಕುಳದಿಂದ ನಾಲ್ಕು ಬೆರಳು ಮೇಲೆ, ಎದೆಗೂಡಿನ ಕೆಳಗೆ ಸೊಂಟ ಸಣ್ಣಗಿರುವ ಜಾಗದಲ್ಲಿ ಟೇಪು ಸುತ್ತಿ, ‘ಉಸಿರು ಬಿಡಿ ಮೇಡಂ, ಹೊಟ್ಟೆ ಒಳಗೆ ಎಳೆದುಕೊಳ್ಳಿ’ ಎಂದಳು. ಮೊದಲ ದಿನ ಅಳೆದದ್ದು ಹೊಕ್ಕುಳದ ನೇರಕ್ಕೆ, ಊಟವಾದ ಮೇಲೆ, ಚೂಡಿದಾರದ ಮೇಲಿಂದ. ‘ಹೊಕ್ಕುಳದ ಹತ್ತಿರ ಹಿಡಿಯಮ್ಮ’ ಎಂದೆ. ಅವಳ ಮುಖ ಸಣ್ಣದಾಯಿತು. ಪಾಪ, ಇಪ್ಪತ್ತು ವರ್ಷದ ಹುಡುಗಿ, ಹೇಳಿಕೊಟ್ಟದ್ದನ್ನು ಮಾಡುತ್ತಿದ್ದಾಳೆ. ಆದರೂ ಆ ಕ್ಷಣ ನನಗೆ ಕಿವಿಯೆಲ್ಲ ಬಿಸಿಯಾಯಿತು. ಮೂರು ಇಂಚಲ್ಲ, ನಾಲ್ಕು ಬೆರಳು! ನನ್ನ ಹೊಟ್ಟೆ ಇಳಿದಿರಲಿಲ್ಲ, ಟೇಪು ಏರಿತ್ತು.

ಅದೇ ವಾರ ದೊಡ್ಡ ಮಗುವನ್ನು ಎತ್ತಿಕೊಂಡು ಕೆಮ್ಮಿದಾಗ ಹೊಕ್ಕುಳದಲ್ಲಿ ನೆಲ್ಲಿಕಾಯಿಯಷ್ಟು ಉಬ್ಬು ಕೈಗೆ ಸಿಕ್ಕಿತು. ಹೆದರಿ ಆಸ್ಪತ್ರೆಗೆ ಓಡಿದೆ. ಸರ್ಜನ್ ನೋಡಿದರು, ಸ್ಕ್ಯಾನ್ ಆಯಿತು: ಹೊಕ್ಕುಳದ ಹರ್ನಿಯಾ, ಸಣ್ಣದು. ಅದರ ಜೊತೆ ಇನ್ನೊಂದು ಹೆಸರು ಹೇಳಿದರು, ಡಯಾಸ್ಟಾಸಿಸ್ ರೆಕ್ಟೈ, ಅಂದರೆ ಹೊಟ್ಟೆಯ ಮುಂದಿನ ಸ್ನಾಯುಗಳ ನಡುವೆ ಅಂತರ ಬಿದ್ದಿರುವುದು. ಅಲ್ಲಿಂದ ಫಿಸಿಯೋಥೆರಪಿಗೆ ಕಳಿಸಿದರು.

ಫಿಸಿಯೋಥೆರಪಿಸ್ಟ್ ಮೇಡಂ ನನ್ನನ್ನು ಮಂಡಿ ಮಡಚಿ ಮಲಗಿಸಿ, ‘ತಲೆ ಮಾತ್ರ ಸ್ವಲ್ಪ ಎತ್ತಿ’ ಎಂದು ಹೊಕ್ಕುಳದ ಮೇಲೆ ಬೆರಳು ಅಡ್ಡಕ್ಕೆ ಇಟ್ಟರು. ಮೂರೂವರೆ ಬೆರಳು ಒಳಗೆ ಇಳಿಯಿತು. ನನ್ನ ಬೆರಳನ್ನೂ ಇಡಿಸಿದರು. ಎರಡು ಕಡೆ ಗಟ್ಟಿ ಅಂಚು, ನಡುವೆ ಕಲಸಿದ ಹಿಟ್ಟಿನಂತೆ ಮೆತ್ತಗೆ. ಅರ್ಧ ನಿಮಿಷ ಹಿಡಿಯಲಿಲ್ಲ. 42,700 ರೂಪಾಯಿಯ ಜಾಗದಲ್ಲಿ ಆಗದ ಪರೀಕ್ಷೆ!

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಹೊಟ್ಟೆಯ ಮುಂದೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ನಾಯು ಇದೆ, ಎರಡನ್ನೂ ನಡುವಿನ ನಾರಿನ ಪಟ್ಟಿ ಹಿಡಿದಿಡುತ್ತದೆ. ಬಸಿರಿನಲ್ಲಿ ಆ ಪಟ್ಟಿ ಹಿಗ್ಗಿ ತೆಳುವಾಗುತ್ತದೆ, ಅವಳಿಯಾದರೆ ಇನ್ನೂ ಹೆಚ್ಚು. ಹೆರಿಗೆಯಾದ ಮೊದಲ ಎಂಟು ವಾರದಲ್ಲಿ ತಾನಾಗಿಯೇ ಬಹಳಷ್ಟು ಕೂಡಿಕೊಳ್ಳುತ್ತದೆ, ಆಮೇಲೆ ನಿಧಾನ. ಎರಡು ಬೆರಳಿಗಿಂತ ಅಗಲ ಉಳಿದರೆ ಗಮನ ಕೊಡಬೇಕು. ನಾನು ಕಂಡ ಆ ‘ಒಳ್ಳೆಯ ಲಕ್ಷಣ’ ಇದೆಯಲ್ಲ, ಅದು ಕೊಬ್ಬಲ್ಲ. ಒಳಗಿನ ಒತ್ತಡ ತಡೆಯಲಾರದೆ ಆ ತೆಳುಪಟ್ಟಿ ಉಬ್ಬುವುದು. ಏಣು ಎದ್ದರೆ ಆ ವ್ಯಾಯಾಮ ನಿಲ್ಲಿಸಬೇಕು ಎಂಬುದೇ ಮೊದಲ ಪಾಠವಂತೆ. ಸೆಂಟರಿನಲ್ಲಿ ನನ್ನಿಂದ ಅದನ್ನು ನಲವತ್ತು ನಲವತ್ತು ಸಲ ಮಾಡಿಸಿದರು. ಬಿಗಿ ಬೆಲ್ಟು ಒತ್ತಡವನ್ನು ಕೆಳಕ್ಕೆ ತಳ್ಳಿತು, ಮೂತ್ರ ಹನಿಯುವುದು ಹೆಚ್ಚಾದದ್ದಕ್ಕೆ ಅದೂ ಕಾರಣವಿರಬಹುದು ಎಂದರು. ಅಮ್ಮನ ಸೀರೆ ಕಟ್ಟಿನ ಬಗ್ಗೆಯೂ ಕೇಳಿದೆ: ಮೊದಲ ವಾರಗಳಲ್ಲಿ ಹಿತವಾದ ಆಸರೆ, ಆದರೆ ಯಾವ ಕಟ್ಟೂ ಅಂತರವನ್ನು ಮುಚ್ಚುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿಲ್ಲ.

ನ್ಯಾಯವಾಗಿ ಇನ್ನೊಂದು ಮಾತು. ಹರ್ನಿಯಾ ಸೆಂಟರಿನವರಿಂದಲೇ ಬಂತು ಎಂದು ಸರ್ಜನ್ ಹೇಳಲಿಲ್ಲ. ಬಸಿರಿನಲ್ಲೇ ಆಗಿರಬಹುದು ಎಂದರು. ಸರಿ. ಆದರೆ ಒಬ್ಬರು ಬೆರಳಿಟ್ಟು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತಲ್ಲ?

ಅತ್ತಿಗೆಗೆ ಹೇಳಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು: ‘ಬಟ್ಟೆ ಹೆಚ್ಚಾಗಿದ್ದಲ್ಲ, ಹೊಲಿಗೆ ಸಡಿಲವಾಗಿದ್ದು. ಇಸ್ತ್ರಿ ಹಾಕಿದರೆ ಸರಿಯಾಗುತ್ತದೆಯೇ?’

ಇನ್ನು ಸೆಂಟರಿನ ಉತ್ತರಗಳು. ಎಲ್ಲವೂ ವಾಟ್ಸ್‌ಆ್ಯಪಿನಲ್ಲಿವೆ, ಒಂದನ್ನೂ ಅಳಿಸಿಲ್ಲ. ಉಳಿದ ಹನ್ನೊಂದು ಸಿಟ್ಟಿಂಗಿನ ಹಣ ಕೇಳಿ, ಸ್ಕ್ಯಾನ್ ವರದಿಯ ಫೋಟೋ ಕಳಿಸಿದೆ.

ಮೊದಲ ಉತ್ತರ: ‘ಮೇಡಂ, ನೀವು ಡಯಟ್ ಪಾಲಿಸಿಲ್ಲ.’ ಅವರ ಡಯಟ್ ಏನೆಂದರೆ ರಾತ್ರಿ ಬರೀ ಸೂಪು. ಒಂದು ಮಗುವಿಗೆ ಹಾಲುಣಿಸುವ ತಾಯಿಗೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತಾರೆ, ನನ್ನ ಬಳಿ ಇಬ್ಬರಿದ್ದಾರೆ.

ಎರಡನೆಯದು: ‘ಅವಳಿ ಎಂದು ನೀವು ಮೊದಲೇ ತಿಳಿಸಿರಲಿಲ್ಲ.’ ಫಾರ್ಮಿನ ಪ್ರತಿ ಕಳಿಸಿದೆ. ನೀಲಿ ಗೆರೆ ಬಿತ್ತು, ಎರಡು ದಿನ ಉತ್ತರವಿಲ್ಲ.

ಮೂರನೆಯದು: ‘ನಿಯಮ 9ರಂತೆ ಹಣ ಮರಳಿಸಲಾಗುವುದಿಲ್ಲ. ಬೇಕಿದ್ದರೆ ಉಳಿದ ಸಿಟ್ಟಿಂಗುಗಳನ್ನು ನಿಮ್ಮ ತಂಗಿಗೋ ಗೆಳತಿಗೋ ವರ್ಗಾಯಿಸಿ.’ ನನಗಾದದ್ದು ತಂಗಿಗೂ ಆಗಲಿ ಎಂದು! ಅದರ ಕೆಳಗೆ: ‘ನಿಮ್ಮ ಬೇಸರಕ್ಕಾಗಿ ಒಂದು ಫೇಶಿಯಲ್ ಉಚಿತ.’

ಫೋಟೋಗಳನ್ನು ಅಳಿಸಿ ಎಂದೆ. ಅದಕ್ಕೆ ಬಂದ ಉತ್ತರವನ್ನು ಅಕ್ಷರ ಬಿಡದೆ ಕೊಡುತ್ತೇನೆ: ‘ನಿಮ್ಮ ಮುಖ ಕಾಣುವುದಿಲ್ಲ ಮೇಡಂ, ಚಿಂತಿಸಬೇಡಿ.’ ಹಾಗಾದರೆ ಎಲ್ಲೋ ಹಾಕಿದ್ದಾರೆ ಎಂದಾಯಿತು. ಎಲ್ಲಿ? ಈ ಪ್ರಶ್ನೆಗೆ ಇವತ್ತಿನವರೆಗೂ ಉತ್ತರವಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟೆ, ಕನ್ನಡದಲ್ಲೇ ಮಾತಾಡಿದರು. ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಹಾಕಬೇಕು, ವಕೀಲರು ಕಡ್ಡಾಯವಲ್ಲ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ರಸೀದಿ, ಫಾರ್ಮಿನ ಪ್ರತಿ, ಸಂದೇಶಗಳು, ಇವನ್ನು ಕಳೆದುಕೊಳ್ಳಬೇಡಿ. ಫಾರ್ಮಿನ ಪ್ರತಿ ನಾನು ತೆಗೆದಿಟ್ಟದ್ದು ಬ್ಯಾಂಕಿನ ಅಭ್ಯಾಸದಿಂದ, ಅಷ್ಟಾದರೂ ಉಪಯೋಗಕ್ಕೆ ಬಂತು.

ನನ್ನಂತೆ ಇರುವವರಿಗೆ ಹೇಳುವುದು ಇಷ್ಟೇ. ಹಣ ಕಟ್ಟುವ ಮೊದಲು ಬೆರಳಿಟ್ಟು ನೋಡಿಸಿಕೊಳ್ಳಿ. ಹೆರಿಗೆ ಡಾಕ್ಟರು ಆರನೇ ವಾರ ನೋಡುವಾಗ ಅವಸರದಲ್ಲಿದ್ದರೂ ಬಿಡದೆ ಕೇಳಿ, ನಾನು ಕೇಳಲಿಲ್ಲ. ಇಂಚಿನಲ್ಲಿ ಗ್ಯಾರಂಟಿ ಕೊಡುವವರ ಬಾಗಿಲಿಗೆ ಹೋಗಬೇಡಿ. ಹೋದರೂ ಬಟ್ಟೆ ಎತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಹೊಕ್ಕುಳದ ಉಬ್ಬು ಗಟ್ಟಿಯಾಗಿ ನೋವು, ವಾಂತಿ ಶುರುವಾದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗಿ ಎಂದು ಸರ್ಜನ್ ನನಗೆ ಎರಡು ಸಲ ಹೇಳಿದ್ದಾರೆ, ಅದನ್ನೂ ಸೇರಿಸಿಕೊಳ್ಳಿ.

ಈಗ ನನ್ನ ವ್ಯಾಯಾಮ ನೋಡಿದರೆ ನಗುತ್ತೀರಿ. ಮಲಗಿ ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುವುದು, ಹಿಮ್ಮಡಿಯನ್ನು ಚಾಪೆಯ ಮೇಲೆ ಜಾರಿಸುವುದು, ಮೂತ್ರ ತಡೆಯುವಂತೆ ಬಿಗಿಹಿಡಿದು ಬಿಡುವುದು. ಏಳುವಾಗ ಮಗ್ಗುಲಾಗಿ, ಕೈಯೂರಿ. ಮಗುವನ್ನು ಎತ್ತುವಾಗ ಉಸಿರು ಬಿಡುತ್ತಾ ಎತ್ತುವುದು. ನಾಲ್ಕು ತಿಂಗಳಾಯಿತು. ಮೂರೂವರೆ ಬೆರಳು ಎರಡಕ್ಕೆ ಬಂದಿದೆ, ಸೀನಲು ಹೆದರಿಕೆಯಿಲ್ಲ. ಚರ್ಮ ಜೋತೇ ಇದೆ, ಹರ್ನಿಯಾಕ್ಕೆ ಯಾವಾಗಲಾದರೂ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಜ್ಜಿ ಮೊನ್ನೆ ಮತ್ತೆ ಬಂದಿದ್ದರು, ‘ಹೆರಿಗೆ ಆಯಿತೇನಮ್ಮಾ, ಯಾವ ಮಗು?’ ಎಂದು ಕೇಳಿದರು. ಎರಡೂ ಗಂಡು ಎಂದೆ.

ಸೆಂಟರಿನ ನಂಬರನ್ನು ಸಾಕ್ಷಿಗಾಗಿ ಬ್ಲಾಕ್ ಮಾಡದೆ ಇಟ್ಟಿದ್ದೇನೆ. ನಿನ್ನೆ ಸಂಜೆ ಅದರಿಂದ ಒಂದು ಸಂದೇಶ ಬಂತು. ಹಬ್ಬದ ರಿಯಾಯಿತಿಯಂತೆ, ಅವಳಿ ತಾಯಂದಿರಿಗೆ ವಿಶೇಷ ಪ್ಯಾಕೇಜಂತೆ, ಆರು ಇಂಚು ಗ್ಯಾರಂಟಿಯಂತೆ. ಕೆಳಗೆ ಒಂದು ಹೊಟ್ಟೆಯ ಫೋಟೋ, ಮುಖವಿಲ್ಲ. ದೊಡ್ಡದು ಮಾಡಿ ಮಾಡಿ ನೋಡಿದೆ, ನನ್ನದಲ್ಲ. ಇನ್ನಾರದೋ.