ರಿಂಗ್ ಆಫ್ ಸ್ಟೀಲ್: ಮಾರ್ಗದರ್ಶಕರ ಜೊತೆ ಒಂದು ದಿನದ ಚಾರಣ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ, ಫೋರ್ಟ್ ವಿಲಿಯಂ ಪಕ್ಕದ ಗ್ಲೆನ್ ನೆವಿಸ್ ಕಣಿವೆಯಿಂದ ಹೊರಟು ಮಮೋರ್ಸ್ ಬೆಟ್ಟಸಾಲಿನ ನಾಲ್ಕು ಶಿಖರಗಳನ್ನು ಸುತ್ತಿಬರುವ ‘ರಿಂಗ್ ಆಫ್ ಸ್ಟೀಲ್’ ಚಾರಣವನ್ನು ಕಳೆದ ಜೂನ್‌ನಲ್ಲಿ ಅಲ್ಲಿನದೊಂದು ಸಣ್ಣ ಸಂಸ್ಥೆಯ ಮಾರ್ಗದರ್ಶಕರ ಜೊತೆ ಮುಗಿಸಿದೆವು. ಮಾರ್ಗದರ್ಶಕರಿಗೆ ಪೂರ್ಣ ಅಂಕ ಕೊಡುತ್ತೇನೆ. ಸಂಸ್ಥೆಯ ಕಚೇರಿಗೆ ಅಷ್ಟು ಕೊಡಲಾರೆ.

ಸುಮಾರು 16 ಕಿಲೋಮೀಟರಿನ ಈ ದಾರಿಯಲ್ಲಿ ಅತಿ ಎತ್ತರದ ಸ್ಕೂರ್ ಅ ವೈಮ್ ಕೇವಲ 1099 ಮೀಟರ್ ಎಂದು ಓದಿ, 1712 ಮೀಟರಿನ ಕುಮಾರಪರ್ವತ ಹತ್ತಿ ಬಂದಿದ್ದ ನಾವು ಸ್ವಲ್ಪ ಉಡಾಫೆಯಿಂದಲೇ ಇದ್ದೆವು. ಆದರೆ ಪ್ರತಿ ಶಿಖರದಿಂದಲೂ ಇಳಿದು ಮತ್ತೆ ಏರಬೇಕಾದ್ದರಿಂದ ಒಟ್ಟು ಏರಿಕೆ 1500 ಮೀಟರ್ ದಾಟುತ್ತದೆ.

ಮೊದಲ ಪರೀಕ್ಷೆ ನೆವಿಸ್ ನದಿಯ ತಂತಿ ಸೇತುವೆ: ಕಾಲಿಡಲು ಒಂದು ಉಕ್ಕಿನ ಹಗ್ಗ, ಕೈಗೆ ಎರಡು, ಅಷ್ಟೇ. ಪಾದವನ್ನು ಅಡ್ಡಲಾಗಿಟ್ಟು ಸರಿಯುತ್ತ ಹೋಗಬೇಕೆಂದೂ, ಒಬ್ಬರು ದಾಟುವವರೆಗೆ ಮತ್ತೊಬ್ಬರು ಹಗ್ಗ ಮುಟ್ಟಬಾರದೆಂದೂ ಮಾರ್ಗದರ್ಶಕರು ಹೇಳಿಕೊಟ್ಟರು. ನನ್ನ ಪತ್ನಿ ಹೆದರಿ ನಿಂತಾಗ ಒತ್ತಾಯಿಸಲಿಲ್ಲ. ನೀರು ಕಡಿಮೆಯಿರುವುದನ್ನು ನೋಡಿ, ತಾವೇ ಬೂಟು ಬಿಚ್ಚಿ ಮೊದಲು ನದಿಗಿಳಿದರು.

ಆಮ್ ಬೊಡಾಖ್, ಅಂದರೆ ‘ಮುದುಕ’, ಎಂಬ ಶಿಖರ ದಾಟಿದ ಮೇಲೆ ಸಿಗುವ 1001 ಮೀಟರಿನ ಸ್ಕೂರ್ ಅನ್ ಯೂವರ್‌ನ ಕಥೆಯನ್ನೂ ಅವರೇ ಹೇಳಿದರು. 3000 ಅಡಿ ಮೀರಿದ ಸ್ಕಾಟಿಷ್ ಬೆಟ್ಟಗಳ ಮನ್ರೋ ಪಟ್ಟಿಗೆ 1981ರಲ್ಲಿ ಸೇರಿದ ಅದನ್ನು 1997ರಲ್ಲಿ ಕೈಬಿಟ್ಟರಂತೆ. ಪಟ್ಟಿಯಿಂದ ಬಿದ್ದರೂ ಮೊಣಕಾಲಿಗೆ ಅದು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಮುಂದಿನ ಡೆವಿಲ್ಸ್ ರಿಡ್ಜ್‌ನಲ್ಲಿ ಎರಡೂ ಬದಿ ಕಡಿದಾಗಿ ಇಳಿಯುವ ಏಣಿನ ಮೇಲೆ ಮಂಜು ಕವಿದಾಗ, ಗಾಳಿ ಅದನ್ನು ಸರಿಸುವವರೆಗೆ ಇಪ್ಪತ್ತು ನಿಮಿಷ ಕೂರಿಸಿ, ಆಮೇಲೆ ಎಲ್ಲಿ ಕೈಯೂರಬೇಕೆಂದು ಬಂಡೆ ಬಂಡೆಯನ್ನೂ ತೋರಿಸುತ್ತ ಕರೆದೊಯ್ದರು.

ಕಚೇರಿಯ ಮೇಲಿನ ದೂರು ಇಷ್ಟು. ಈ ಸುತ್ತು ಹೊರಟ ಜಾಗಕ್ಕೇ ಬಂದು ಮುಗಿಯುವುದಿಲ್ಲ. ಕಣಿವೆಯ ಕೆಳಭಾಗದ ಪೋಲ್ಡೂ ಬಳಿ ಇಳಿದು, ಕಾರು ನಿಲ್ಲಿಸಿದಲ್ಲಿಗೆ ಡಾಂಬರು ರಸ್ತೆಯಲ್ಲಿ ಮತ್ತೆ ಹತ್ತಬೇಕು. ಕಳುಹಿಸಿದ್ದ ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲ. ಮಿಜ್ ಎಂಬ ಕಚ್ಚುವ ನುಸಿಗಳಿಗೆ ತಲೆಬಲೆ ತರಬೇಕೆಂದೂ ಬರೆದಿರಲಿಲ್ಲ. ಮಾರ್ಗದರ್ಶಕರು ಒಬ್ಬರೇ ಕಾರು ತರಲು ಹೋದರು. ಹೋಗುವ ಮುನ್ನ ತಮ್ಮ ತಲೆಬಲೆಯನ್ನು ಬಿಚ್ಚಿ ನನ್ನ ಪತ್ನಿಗೆ ಕೊಟ್ಟರು.